ಕಾರು ನೋಡುವ ಶಾಸ್ತ್ರ

‘ತಮ್ಮಾ, ನೀ ಇಂಜಿನಿಯರ್ ಆಗಾಕತ್ತಿ ಹೌದಿಲ್ಲೋ? ಹಂಗಾರ ನಾಳೆ ಇಳಕಲ್ಲಿಗೆ ಬಾ. ಒಂದ್ ಗಾಡಿ ನೋಡೂದೈತಿ.’

ಶನಿವಾರ ರಾತ್ರಿ ಬಾದಾಮಿಯಿಂದ ದೊಡ್ಡಪ್ಪನ ಮಗನ ಫೋನು. ನಾನು ಬಿಇ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ನಮ್ಮ ಲ್ಯಾಬಿನಲ್ಲಿ ನಾನು ಮುಟ್ಟಿದ ಇಂಜಿನ್‌ಗಳೆಲ್ಲ ಅಡ್ಡಡ್ಡ ಕೊಯ್ದು, ಒಳಗೆ ಕೆಂಪು–ನೀಲಿ ಬಣ್ಣ ಬಳಿದು ಸ್ಟ್ಯಾಂಡಿನ ಮೇಲೆ ಇಟ್ಟವು. ಅವುಗಳಲ್ಲಿ ಒಂದೂ ಇದುವರೆಗೆ ಹೊಗೆ ಬಿಟ್ಟಿಲ್ಲ. ಆದರೆ ಮನೆಮಂದಿಗೆ ಇದನ್ನು ಹೇಳಿ ತಿಳಿಸುವುದು ಹೇಗೆ? ಮಿಕ್ಸರ್ ಕೆಟ್ಟರೂ ನಾನೇ, ಬೋರ್‌ವೆಲ್ ಮೋಟರ್ ಸುಟ್ಟರೂ ನಾನೇ. ಈಗ ಕಾರು.

ಅಣ್ಣ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ. ಕೆಂಪು ಬಣ್ಣದ ಹಳೆಯ ಹೋಂಡಾ ಸಿಟಿ. ನೆಲಕ್ಕೆ ಅಂಟಿಕೊಂಡಂತೆ ಕುಳಿತಿದೆ. ಕೆಳಗೆ ಯಾರೋ ಬರೆದಿದ್ದರು: ‘ಸ್ಪೋರ್ಟ್ಸ್ ಕಾರ್, ವಿಟೆಕ್, ಫುಲ್ ಮಾಡಿಫೈಡ್, 2.40 ಫೈನಲ್.’

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಪುಸ್ತಕದ ಪ್ರಕಾರ ನಾಲ್ಕು ಬಾಗಿಲು, ಹಿಂದೆ ಡಿಕ್ಕಿ ಇರುವ ಸಿಟಿ ಸ್ಪೋರ್ಟ್ಸ್ ಕಾರೇ ಅಲ್ಲ. ಅಸಲಿ ಸ್ಪೋರ್ಟ್ಸ್ ಕಾರು ನಮ್ಮೂರಿನ ಮೊದಲ ಹಂಪ್‌ ಮೇಲೇ ಕುಳಿತುಬಿಡುತ್ತದೆ ಎನ್ನುವುದು ಬೇರೆ ಮಾತು. ಆದರೆ 2000ನೇ ಇಸವಿಯಲ್ಲಿ ಬಂದ ಸಿಟಿ ವಿಟೆಕ್‌ಗೆ ನಮ್ಮ ದೇಶದ ಕಾರು ಹುಚ್ಚರ ನಡುವೆ ಇರುವ ಮರ್ಯಾದೆಯೇ ಬೇರೆ. 1493 ಸಿಸಿ, 106 ಬಿಎಚ್‌ಪಿ, ತೂಕ ಸುಮಾರು ಒಂದೇ ಟನ್. ರ್‍ಯಾಲಿಗಳಲ್ಲಿ, ಡ್ರ್ಯಾಗ್ ರೇಸ್‌ಗಳಲ್ಲಿ ಓಡಿದ ಗಾಡಿ ಅದು. 2003ಕ್ಕೆ ಆ ಮಾದರಿಯೇ ನಿಂತುಹೋಯಿತು. ಈ ಕೆಂಪು ಸಿಟಿ ನೋಂದಣಿಯಾದದ್ದು ಅದೇ ಕೊನೆಯ ವರ್ಷದಲ್ಲಿ. ನನಗಿಂತ ಒಂದು ವರ್ಷಕ್ಕೆ ದೊಡ್ಡದು.

ಅಣ್ಣ ಬಾದಾಮಿಯಲ್ಲಿ ಬೇರೆಯವರ ಹಳದಿ ಬೋರ್ಡ್ ಗಾಡಿ ಓಡಿಸುತ್ತಾನೆ. ಗುಹೆ ನೋಡಿ ಬಂದ ಪ್ರವಾಸಿಗರನ್ನು ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗೆ ಕರೆದೊಯ್ದು ಸಂಜೆಗೆ ಸ್ಟೇಷನ್ನಿಗೆ ಬಿಡುವ ಕೆಲಸ. ಸ್ವಂತಕ್ಕೊಂದು ಟ್ಯಾಕ್ಸಿ ಮಾಡಬೇಕು, ಅದರ ಡೌನ್ ಪೇಮೆಂಟಿಗೆ ಎಂದು ನಾಲ್ಕು ವರ್ಷದಿಂದ ದುಡ್ಡು ಕೂಡಿಸಿದ್ದಾನೆ. ಎರಡು ಲಕ್ಷದ ಮೇಲೆ ಸ್ವಲ್ಪ ಆಗಿತ್ತು. ಅದೇ ದುಡ್ಡು ಈಗ ಕೆಂಪು ಸಿಟಿಯ ಕಡೆ ಮುಖ ಮಾಡಿತ್ತು.

‘ಅತ್ತಿಗೆಗೆ ಗೊತ್ತೈತೇನೋ ಅಣ್ಣಾ?’

‘ನೋಡಾಕ ಹೊಂಟೀವಿ, ತರಾಕ ಅಲ್ಲಲ್ಲ.’

ಹತ್ತು ನಿಮಿಷಕ್ಕೆ ಅತ್ತಿಗೆಯ ಫೋನು ಬಂತು. ಆಕೆಗೆ ಎಲ್ಲವೂ ಗೊತ್ತಿತ್ತು. ‘ನಾ ಏನೂ ಅನ್ನಂಗಿಲ್ಲ. ಹತ್ತ್ ವರ್ಷ ಮಂದಿ ಗಾಡಿ ತೊಳದಾರ, ತಮ್ದೊಂದು ಇರಲಿ ಅನಸ್ತೈತಿ. ಆದ್ರ ನೀ ಓದಾಂವ. ನೀ ಹೇಳಿದ್ರ ಕೇಳ್ತಾರ. ಖರೇ ಏನೈತಿ ಅಷ್ಟು ಹೇಳು’ ಅಂದರು.

ಟ್ಯಾಕ್ಸಿಯನ್ನೇ ಮಾಡು ಎಂದು ಅಣ್ಣನಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ‘ನೋಡೋಣ್ರಿ ಅತ್ತಿಗಿ’ ಎಂದು ಫೋನಿಟ್ಟು ಮತ್ತೆ ಫೋಟೊ ದೊಡ್ಡದು ಮಾಡಿ ನೋಡಿದೆ.

ಬೆಳಿಗ್ಗೆ ನಾನು ಬಾಗಲಕೋಟೆಯಿಂದ ಬಸ್ಸು ಹಿಡಿದೆ. ಅಣ್ಣ ಬಾದಾಮಿಯಿಂದ ಗುಳೇದಗುಡ್ಡದ ಮೇಲೆ ಬೈಕಿನಲ್ಲಿ ಬಂದ. ಅಮೀನಗಡದಲ್ಲಿ ಸೇರಿದೆವು. ಬರಿಗೈಲಿ ಹೋಗಬಾರದು ಎಂದು ಅಣ್ಣ ಅರ್ಧ ಕೆಜಿ ಕರದಂಟು ಕಟ್ಟಿಸಿದ. ಹೆಣ್ಣು ನೋಡಲು ಹೊರಟವನ ಹಾಗೆ ಇಸ್ತ್ರಿ ಅಂಗಿ ಬೇರೆ. ಹುನಗುಂದದಲ್ಲಿ ಮೇಸ್ತ್ರಿ ಕಾಕಾ ತಮ್ಮ ಎಕ್ಸ್‌ಎಲ್ ಮೇಲೆ ಕಾಯುತ್ತಿದ್ದರು. ದೊಡ್ಡಪ್ಪನ ಕಾಲದಿಂದ ನಮ್ಮ ಮನೆತನದ ಟ್ರ್ಯಾಕ್ಟರ್, ಟೆಂಪೊ ಎಲ್ಲದರ ಹೊಟ್ಟೆಯೊಳಗೆ ಕೈ ಹಾಕಿದವರು. ಅವರ ಚೀಲದಲ್ಲಿ ಇದ್ದದ್ದು ಮೂರೇ ವಸ್ತು: ಒಂದು ಟಾರ್ಚು, ಒಂದಿಷ್ಟು ಬನಿಯನ್ ಬಟ್ಟೆ, ಹಳೆಯ ಸ್ಪೀಕರ್‌ನಿಂದ ಕಿತ್ತ ಅಯಸ್ಕಾಂತ.

‘ನಾವು ಬರೂತನಕ ಗಾಡಿ ಚಾಲೂ ಮಾಡಬ್ಯಾಡ ಅಂತ ಹೇಳಿ ಇಲ್ಲೋ?’

ಅಣ್ಣ ಹೇಳಿದ್ದ.

ಇಳಕಲ್ಲಿನ ಓಣಿಯೊಂದರಲ್ಲಿ, ಪಕ್ಕದ ಮನೆಯಿಂದ ಮಗ್ಗದ ಸದ್ದು ಕೇಳುವ ಜಾಗದಲ್ಲಿ, ಆ ಕಾರು ತೊಳೆಸಿಕೊಂಡು ನಿಂತಿತ್ತು. ಮಾಲೀಕ ಇಪ್ಪತ್ತೈದರ ಆಸುಪಾಸಿನ ಹುಡುಗ, ಗ್ರಾನೈಟ್ ಪಾಲಿಶ್ ಕೆಲಸ. ಮದುವೆ ಗೊತ್ತಾಗಿದೆ. ಹುಡುಗಿಯ ತಂದೆ ಈ ಕಾರಿನ ಸದ್ದು ಒಮ್ಮೆ ಕೇಳಿದ್ದಾರೆ. ಅದಕ್ಕೇ ಮಾರಾಟ.

ನಾನು ನೇರ ಡ್ರೈವರ್ ಸೀಟಿನತ್ತ ಹೋದೆ. ಕಾಕಾ ನೇರ ಬಾನೆಟ್‌ನತ್ತ ಹೋಗಿ ಅಂಗೈ ಇಟ್ಟರು. ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಡಿಸಿದರು. ಬೆಚ್ಚಗಿತ್ತು.

‘ತೊಳದು ತಂದೆ ರೀ ಕಾಕಾ, ಅದಕ್ಕ...’ ಹುಡುಗ ತಲೆ ಕೆರೆದುಕೊಂಡ.

ತಣ್ಣಗಿರುವ ಇಂಜಿನ್ ಚಾಲೂ ಆಗುವಾಗ ಮಾಡುವ ಸದ್ದು, ಬಿಡುವ ಹೊಗೆ ಬಹಳಷ್ಟು ಹೇಳುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದರೆ ಕೂಲಂಟ್ ಒಳಗೆ ಸೇರುತ್ತಿದೆ. ಒಮ್ಮೆ ಬಿಸಿಯಾದ ಮೇಲೆ ಅರ್ಧ ರೋಗ ಮುಚ್ಚಿಹೋಗುತ್ತದೆ. ಇದು ನಮ್ಮ ಸಿಲೆಬಸ್ಸಿನಲ್ಲೂ ಇದೆ, ಬಾನೆಟ್ ಮುಟ್ಟಿ ನೋಡು ಎನ್ನುವುದೊಂದನ್ನು ಬಿಟ್ಟು.

ಕಾಕಾ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಆಡಿಸುತ್ತ ಹೊರಟರು. ಬಾಗಿಲು, ಹಿಂಬದಿ, ಎಡಗಡೆ ಎಲ್ಲ ಕಡೆ ಅದು ಕಚ್ಚಿಕೊಂಡಿತು. ಬಲಗಡೆ ಮುಂದಿನ ಚಕ್ರದ ಮೇಲೆ ಬಂದಾಗ ಜಾರಿ ಕೈಗೆ ಬಂತು. ‘ಇಲ್ಲಿ ತಗಡಿಲ್ಲ, ಪುಟ್ಟಿ ಐತಿ. ಎಲ್ಲೋ ಗುದ್ದೈತಿ.’ ಬಾಗಿಲಿನ ರಬ್ಬರ್ ಎಳೆದರೆ ಕೆಂಪಿನ ಕೆಳಗೆ ಬೆಳ್ಳಿ ಬಣ್ಣ. ಟೈರ್ ಹೊರಗಡೆ ಹೊಸದರಂತಿದೆ, ಒಳ ಅಂಚು ಬೋಳು. ಕಾರನ್ನು ತಗ್ಗಿಸಲು ಸ್ಪ್ರಿಂಗ್ ಕೊಯ್ದಿದ್ದರು. ಕೊಯ್ದ ಮೇಲೆ ಚಕ್ರ ಒಳಕ್ಕೆ ವಾಲಿ ನಿಲ್ಲುತ್ತದೆ, ಟೈರ್ ಒಂದೇ ಬದಿಗೆ ಸವೆಯುತ್ತದೆ. ‘ಇದಕ್ಕ ಸ್ಪೋರ್ಟ್ ಅಂತಾರೇನು?’ ಎಂದು ಕಾಕಾ ನನ್ನನ್ನು ಕೇಳಿದರು. ನಾನು ಕಂಪನಿಯೇ ಮಾಡುವ ತಗ್ಗು ಸ್ಪ್ರಿಂಗ್‌ಗಳ ಬಗ್ಗೆ ಹೇಳಲು ಬಾಯಿ ತೆರೆದೆ. ಅವರು ಆಗಲೇ ಕಾರಿನ ಕೆಳಗೆ ಮಲಗಿದ್ದರು.

ಸರಿ, ಟೆಸ್ಟ್ ಡ್ರೈವ್.

ಅಣ್ಣ ಸ್ಟಿಯರಿಂಗ್ ಹಿಡಿದ, ಕಾಕಾ ಪಕ್ಕಕ್ಕೆ, ನಾನೂ ಮಾಲೀಕನೂ ಹಿಂದೆ. ಓಣಿ ದಾಟುವುದರಲ್ಲಿ ಎರಡು ಹಂಪ್‌ಗಳಿಗೆ ಹೊಟ್ಟೆ ತಾಗಿತು. ಪ್ರತಿ ಸಲವೂ ಮಾಲೀಕನೂ ಅಣ್ಣನೂ ಒಟ್ಟಿಗೇ ‘ಸ್ಸ್’ ಅಂದರು. ಎರಡನೇ ಗೇರ್ ಬೀಳುವಾಗ ಕರ್ ಎಂದಿತು. ಆಮೇಲೆ ವಿಜಯಪುರ–ಹೊಸಪೇಟೆಯ ನಾಲ್ಕು ಪಥದ ಹೆದ್ದಾರಿ ಸಿಕ್ಕಿತು. ಹುನಗುಂದದ ದಿಕ್ಕು, ಭಾನುವಾರ, ರಸ್ತೆ ಖಾಲಿ.

ವಿಟೆಕ್ ಎಂದರೆ ಹೋಂಡಾ 1989ರಲ್ಲಿ ಜಪಾನಿನ ಇಂಟಿಗ್ರಾ ಕಾರಿನಲ್ಲಿ ಮೊದಲು ಹಾಕಿದ ತಂತ್ರ. ಇಂಜಿನ್ನಿನ ಉಸಿರು ಒಳಗೆ ಎಳೆಯುವ ವಾಲ್ವ್‌ಗಳನ್ನು ಕ್ಯಾಮ್‌ಶಾಫ್ಟ್ ಮೇಲಿನ ಉಬ್ಬುಗಳು ಒತ್ತಿ ತೆರೆಯುತ್ತವೆ. ಸಾಮಾನ್ಯ ಇಂಜಿನ್‌ಗೆ ಒಂದೇ ಅಳತೆಯ ಉಬ್ಬು. ವಿಟೆಕ್‌ನಲ್ಲಿ ಎರಡು ಅಳತೆ. ನಿಧಾನ ಹೋಗುವಾಗ ಸಣ್ಣದು. ಆರ್‌ಪಿಎಂ ಒಂದು ಮಟ್ಟ ದಾಟಿದ ಕೂಡಲೇ ಆಯಿಲ್ ಒತ್ತಡ ಒಂದು ಪಿನ್ನನ್ನು ದೂಡಿ ದೊಡ್ಡ ಉಬ್ಬಿಗೆ ಕೆಲಸ ಒಪ್ಪಿಸುತ್ತದೆ. ವಾಲ್ವ್ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ಪಡೆದಿದ್ದೇನೆ.

ಆದರೆ ಕೇಳಿರಲಿಲ್ಲ. ಅಣ್ಣ ಮೂರನೇ ಗೇರಿನಲ್ಲಿ ಕಾಲು ಒತ್ತಿ ಹಿಡಿದ. ಮುಳ್ಳು ಏರುತ್ತ ಹೋಯಿತು, ಇನ್ನು ಗೇರ್ ಬದಲಿಸಬೇಕು ಅನ್ನುವಷ್ಟರಲ್ಲಿ ಸದ್ದೇ ಬದಲಾಯಿತು. ಅದುವರೆಗೆ ಗುಡುಗುತ್ತಿದ್ದದ್ದು ಕಿರುಚತೊಡಗಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಹಿಂದಿನ ಗಾಜಿನಲ್ಲಿ ಇಳಕಲ್ಲು ಸಣ್ಣದಾಯಿತು. ನಾನು ‘ಹೋ’ ಎಂದು ಕೂಗಿದೆ, ಮಾಲೀಕನೂ ಕೂಗಿದ, ಅವನ ಕಾರನ್ನು ಅವನೇ ಮೊದಲ ಸಲ ಕೇಳುತ್ತಿರುವವನ ಹಾಗೆ. ಕನ್ನಡಿಯಲ್ಲಿ ಅಣ್ಣನ ಮುಖ ಕಂಡಿತು. ದಿನಾ ‘ಎಡಕ್ಕೆ ನೋಡ್ರಿ ಸರ್, ಅದು ಭೂತನಾಥ ಗುಡಿ’ ಎನ್ನುವ ಮುಖ ಅದಲ್ಲ. ಸ್ಪೀಡ್ ಎಷ್ಟಿತ್ತು ಎಂದು ಬರೆಯುವುದಿಲ್ಲ, ಅಪ್ಪ ಈ ಪುಟ ಓದುತ್ತಾರೆ.

ತಿರುಗಿ ಬರುವಾಗ ಕಾಕಾ ‘ಸ್ಟಿಯರಿಂಗ್ ಹಗೂರಕ ಬಿಡು’ ಅಂದರು. ಕಾರು ಎಡಕ್ಕೆ ಎಳೆಯಿತು. ಬ್ರೇಕ್ ಹಿಡಿಸಿದರು, ಆಗಲೂ ಎಡಕ್ಕೇ. ಆಮೇಲೆ ರಸ್ತೆ ಪಕ್ಕ ನಿಲ್ಲಿಸಿ, ಇಂಜಿನ್ ಆರಿಸದೆ ಐದು ನಿಮಿಷ ಬಿಸಿಲಲ್ಲಿ ಸುಮ್ಮನೆ ಕೂಡಿಸಿದರು. ಟೆಂಪರೇಚರ್ ಮುಳ್ಳು ಅಲುಗಲಿಲ್ಲ. ‘ಇಂಜಿನ್ ಚಲೋ ಐತಿ’ ಅಂದರು. ನನಗೆ ನನ್ನ ರಿಸಲ್ಟ್ ಬಂದಷ್ಟು ಖುಷಿಯಾಯಿತು. ಕೊನೆಯ ಎರಡು ಕಿಲೋಮೀಟರ್ ನನಗೂ ಓಡಿಸಲು ಕೊಟ್ಟರು. ಅಷ್ಟೇ ದೂರದಲ್ಲಿ ನಾನು ಆ ಕಾರನ್ನು ನವನಗರದ ಸೆಕ್ಟರ್‌ಗಳಲ್ಲೆಲ್ಲ ಸುತ್ತಿಸಿ, ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿ, ಇಳಿದು, ಕನ್ನಡಕ ತೆಗೆದದ್ದೂ ಆಯಿತು. ಅಣ್ಣ ಸೀಸನ್ನಿನಲ್ಲಿ ಟೂರಿಸ್ಟ್ ಗಾಡಿ ಮೇಲೆ ಇರುತ್ತಾನೆ, ಆಗ ಇದನ್ನು ಇಡುವವರು ಯಾರು? ಓದುವ ತಮ್ಮ ಇದ್ದಾನಲ್ಲ.

ಮನೆಗೆ ಬಂದಾಗ ಸೂಸಲಾ, ಮಿರ್ಚಿ ಭಜಿ, ಚಹಾ ತಯಾರಿತ್ತು. ಕಾಕಾ ಪುಟ್ಟಿ, ಸ್ಪ್ರಿಂಗ್, ಟೈರ್, ಬಣ್ಣ ಎಂದು ಒಂದೊಂದೇ ಹೇಳಿ ಬೆಲೆ ಇಳಿಸುತ್ತ ಹೋದರು. 2.40 ಇದ್ದದ್ದು 2.05ಕ್ಕೆ ಬಂತು. ಹದಿನೈದು ವರ್ಷ ದಾಟಿದ ಗಾಡಿಯ ಖರ್ಚೂ ಎಲ್ಲರಿಗೂ ಗೊತ್ತಿತ್ತು: ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಹಸಿರು ತೆರಿಗೆ. 2022ರ ಏಪ್ರಿಲ್‌ನಲ್ಲಿ ನವೀಕರಣ ಶುಲ್ಕವೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೆ ಈ ಗಾಡಿಗೆ 2023ರಲ್ಲಿ ನವೀಕರಣ ಆಗಿತ್ತು, ಆರ್‌ಸಿ ಮಾಲೀಕನ ಹೆಸರಲ್ಲೇ ಇತ್ತು, ಸಾಲ ಇರಲಿಲ್ಲ. ‘ನೀ ಓದ್ದಾಂವ, ಕಾಗದ ನೋಡು’ ಎಂದು ಕಾಕಾ ಆರ್‌ಸಿಯನ್ನು ನನ್ನ ಕೈಗಿಟ್ಟರು.

ಬಣ್ಣ: ಬೆಳ್ಳಿ. ಅದು ಗೊತ್ತಾಗಿತ್ತು. ಇನ್ನೂ ಕೆಳಗೆ: 1343 ಸಿಸಿ.

ಥರ್ಮೋಡೈನಾಮಿಕ್ಸ್‌ನ ಸೂತ್ರ ನನಗೆ ಮರೆಯಬಹುದು, ಸಿಟಿಯ ಲೆಕ್ಕ ಮರೆಯುವುದಿಲ್ಲ. 1343 ಎಂದರೆ 1.3 ಲೀಟರಿನ, 90 ಬಿಎಚ್‌ಪಿಯ ಸಾದಾ ಸಿಟಿ. ಅದರಲ್ಲಿ ವಿಟೆಕ್ ಬಂದೇ ಇಲ್ಲ. ಆದರೆ ಹೆದ್ದಾರಿಯಲ್ಲಿ ಕಿರುಚಿದ್ದು ವಿಟೆಕ್ಕೇ, ಅದರಲ್ಲಿ ಸಂಶಯವಿಲ್ಲ. ಅಂದರೆ ಈ ಮೈಯೊಳಗಿನ ಇಂಜಿನ್ ಈ ಕಾರಿನದಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ತಕ್ಷಣ ಹೇಳಲಿಲ್ಲ. ಆರ್‌ಸಿಯನ್ನು ಮಡಿಲಲ್ಲಿ ಇಟ್ಟುಕೊಂಡು ಭಜಿ ತಿಂದೆ. ಅಲ್ಲಿದ್ದ ನಾಲ್ವರಲ್ಲಿ ಇಬ್ಬರಿಗೆ ಇದು ಗೊತ್ತಿರಲಿಲ್ಲ. ಒಬ್ಬನಿಗೆ ಗೊತ್ತಿತ್ತು, ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸುಮ್ಮನಿದ್ದರೆ ಸಂಜೆಗೆ ಕಾರು ಬಾದಾಮಿಯಲ್ಲಿ ಇರುತ್ತದೆ. ಇಂಜಿನ್ ಚೆನ್ನಾಗಿದೆ ಎಂದು ಕಾಕಾ ಅವರೇ ಹೇಳಿದ್ದಾರೆ. ಬಾನೆಟ್ ಎತ್ತಿ ನಂಬರ್ ಓದುವವರು ಯಾರು? ಎರಡನೇ ಕಪ್ ಚಹಾ ಮುಗಿಯುವವರೆಗೂ ನಾನು ಈ ಲೆಕ್ಕವನ್ನೇ ಹಾಕುತ್ತಿದ್ದೆ. ಅತ್ತಿಗೆಯ ನೆನಪು ಬರಲಿಲ್ಲ ಎಂದರೆ ಸುಳ್ಳು. ಬಂತು, ಪಕ್ಕಕ್ಕೆ ಸರಿಸಿದೆ.

ಅಷ್ಟರಲ್ಲಿ ಅಣ್ಣ ಅಂಗಿ ಕಿಸೆಯಿಂದ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗೆ ಕೊಟ್ಟ. ‘ಅಡ್ವಾನ್ಸ್ ಹತ್ತ್ ಸಾವಿರ ಐತಿ. ಒಮ್ಮೆ ಎಣಿಸು.’

ಐನೂರರ ನೋಟು ಎರಡೋ ಮೂರೋ. ಉಳಿದದ್ದೆಲ್ಲ ನೂರು, ಇನ್ನೂರು, ಐವತ್ತು. ಕೆಲವು ನಾಲ್ಕು ಮಡಿಕೆ ಬಿದ್ದಿದ್ದವು. ಪ್ರವಾಸಿಗರು ಇಳಿಯುವಾಗ ಅಂಗೈಯೊಳಗೆ ಇಟ್ಟುಹೋಗುವ ನೋಟುಗಳು ಹಾಗೇ ಇರುತ್ತವೆ. ನಾಲ್ಕು ಸಾವಿರದ ತನಕ ಎಣಿಸಿದೆ. ಆಮೇಲೆ ಲೆಕ್ಕ ತಪ್ಪಿತು.

‘ಅಣ್ಣಾ, ಇದರಾಗಿನ ಇಂಜಿನ್ ಇದರದಲ್ಲ’ ಅಂದೆ.

ಯಾರೂ ಮಾತಾಡಲಿಲ್ಲ. ಕಾಕಾ ಎದ್ದು ಬಾನೆಟ್ ಎತ್ತಿ, ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಬ್ಲಾಕ್ ಒರೆಸಿ ಟಾರ್ಚ್ ಹಿಡಿದರು. ನಾನು ನಂಬರ್ ಓದಿದೆ. ಆರ್‌ಸಿಯಲ್ಲಿದ್ದ ನಂಬರಿಗೂ ಇದಕ್ಕೂ ಕೊನೆಯ ಒಂದು ಅಂಕಿಯೂ ಕೂಡಲಿಲ್ಲ.

ಹುಡುಗ ಕಳ್ಳನಲ್ಲ. ಎಲ್ಲ ಹೇಳಿಬಿಟ್ಟ. ನವೀಕರಣದ ಹೊತ್ತಿಗೆ ಹಳೇ ಇಂಜಿನ್ನೇ ಇತ್ತಂತೆ. ಆಮೇಲೆ ಅಪಘಾತದಲ್ಲಿ ಜಜ್ಜಿಹೋದ ಒಂದು ವಿಟೆಕ್ ಸಿಕ್ಕಿತಂತೆ, ಅದರ ಇಂಜಿನ್ ತೆಗೆಸಿ ಇದರಲ್ಲಿ ಕೂಡಿಸಿದನಂತೆ. ರಸೀದಿ ಕೇಳಿದೆ. ಕಚ್ಚಾ ಚೀಟಿ, ಅದೂ ಈಗ ಇಲ್ಲ. ‘ನಮ್ಮೂರಾಗ ಒಡಲಿಗೆ ಸೆರಗು ಕೊಂಡಿ ಹಾಕಿ ಜೋಡಸೂದ ಕಸಬು ರೀ, ಇದೂ ಹಂಗ ಅನಕೊಂಡೆ’ ಎಂದು ನಗಲು ನೋಡಿದ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿ ಎಳೆ ಎಳೆಗೆ ಕೊಂಡಿ ಹಾಕುವುದು ನಿಜ. ಆದರೆ ಸೀರೆಗೆ ಆರ್‌ಟಿಒ ಇಲ್ಲ.

ಇಂಜಿನ್ ಬದಲಿಸುವುದೇ ಅಪರಾಧ ಎಂದು ಅಣ್ಣ ತಿಳಿದ, ಹಾಗಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ನಮೂದಿಸಿದ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅನುಮತಿ ಇರುವ ಬದಲಾವಣೆಯನ್ನೂ ಹದಿನಾಲ್ಕು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಬಂತು. ದಂಡ ಹೋಗಲಿ, ಕಟ್ಟಬಹುದು. ಆ ಜಜ್ಜಿಹೋದ ಕಾರು ಯಾರದ್ದು? ಅದರ ಮೇಲೆ ಕೇಸ್ ಇದೆಯೋ, ಅದು ಕದ್ದದ್ದೋ? ಇಂಜಿನ್ ನಂಬರ್ ಹಿಡಿದು ಪೊಲೀಸರು ಬಂದರೆ ಆ ಹೊತ್ತಿಗೆ ಬಾಗಿಲು ತೆರೆಯುವವನು ನಮ್ಮಣ್ಣ. ನಾಳೆ ಯಾರಿಗಾದರೂ ಗುದ್ದಿದರೆ, ಪಾಲಿಸಿಯಲ್ಲಿ ಬರೆದ ಕಾರೇ ಇದಲ್ಲ ಎಂದು ವಿಮೆಯವರು ತಕರಾರು ತೆಗೆಯಬಹುದು. ಹಳದಿ ಬೋರ್ಡ್ ಓಡಿಸಿ ಹೊಟ್ಟೆ ಹೊರೆಯುವವನಿಗೆ ಲೈಸೆನ್ಸ್ ಮೇಲೆ ಒಂದು ಕಲೆ ಬಿದ್ದರೂ ಸಾಕು.

ಇಷ್ಟನ್ನೂ ನಾನು ಅಲ್ಲೇ ಫೋನಿನಲ್ಲಿ ಹುಡುಕುತ್ತ, ತೊದಲುತ್ತ ಹೇಳಿದೆ. ಅಣ್ಣ ಕವರ್ ವಾಪಸ್ ತೆಗೆದುಕೊಂಡು ಕಿಸೆಗಿಟ್ಟ. ಕರದಂಟಿನ ಪೊಟ್ಟಣ ಬಿಚ್ಚಿರಲೇ ಇಲ್ಲ. ಅದನ್ನು ಹುಡುಗನ ತಾಯಿಯ ಕೈಗೆ ಕೊಟ್ಟು ಹೊರಟೆವು.

ಹುನಗುಂದದ ತನಕ ಅಣ್ಣ ಮಾತಾಡಲಿಲ್ಲ. ಕಾಕಾ ತಮ್ಮ ಮನೆ ಕಡೆ ತಿರುಗಿದ ಮೇಲೆ ಬೈಕ್ ನಿಲ್ಲಿಸಿ ಕೇಳಿದ: ‘ಆರ್‌ಸಿ ನಿನ್ನ ಕೈಯಾಗ ಎಷ್ಟೊತ್ತಿತ್ತು?’

‘ಎರಡ್ ಕಪ್ ಚಹಾ ಕುಡಿಯೂತನಕ.’

‘ನಾ ಅದನ್ನ ನೋಡಾಕತ್ತಿದ್ದೆ’ ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಮೀನಗಡದಲ್ಲಿ ನನ್ನನ್ನು ಬಸ್ಸಿಗೆ ಬಿಟ್ಟು ಗುಳೇದಗುಡ್ಡದ ಕಡೆ ಹೋದ.

ಮೂರು ವಾರ ಫೋನಿರಲಿಲ್ಲ. ಮೊನ್ನೆ ರಾತ್ರಿ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ ಬಂತು. ‘ಅವನ ಹಳೇ 1.3 ಇಂಜಿನ್ ಮನ್ಯಾಗ ಐತಂತ. ಮತ್ತ ಅದನ್ನ ಕೂಡಿಸಿ, ಬಣ್ಣ ಆರ್‌ಸಿಯಾಗ ಬರೆಸಿ ಕೊಡ್ತಾನಂತ. ಒಂದೂ ಮೂವತ್ತು ಅಂತಾನ. ಟ್ಯಾಕ್ಸಿ ಡೌನ್ ಪೇಮೆಂಟಿಗೂ ಸ್ವಲ್ಪ ಉಳಿತೈತಿ. ನಿಮ್ಮ ಅತ್ತಿಗಿಗೆ ಹೇಳೀನಿ, ನಿನ್ನ ಕೇಳು ಅಂದ್ಳು. ಏನಂತಿ?’

1.3 ಆದರೆ ಅದು ಕಿರುಚುವುದಿಲ್ಲ. ಬಲಗಡೆಯ ಪುಟ್ಟಿ, ಎಡಕ್ಕೆ ಎಳೆಯುವ ಸ್ಟಿಯರಿಂಗ್, ಕೊಯ್ದ ಸ್ಪ್ರಿಂಗ್ ಹಾಗೇ ಇವೆ. ಎರಡು ಸಲ ಉತ್ತರ ಬರೆದು ಅಳಿಸಿದೆ. ಕೊನೆಗೆ ಹುನಗುಂದಕ್ಕೆ ಫೋನ್ ಹಚ್ಚಿದೆ.

‘ಬರೂ ರವಿವಾರ ಖಾಲಿ ಇದ್ದೀನಿ’ ಅಂದರು ಕಾಕಾ. ‘ಆದ್ರ ಆ ಹುಡುಗಗ ಹೇಳು, ಈ ಸಲ ಬಾನೆಟ್ ತಣ್ಣಗ ಇರಬೇಕು.’